ಅತ್ತೆಯ ಮುಂದಿನ ಹಲ್ಲು

"ಮೇಡಂ, ಈ ಸೀಸೆಯ ಸೀಲೇ ಒಡೆದಿಲ್ಲ. ವಾಪಸ್ ಫ್ರಿಜ್ಜಲ್ಲಿ ಇಡ್ಲಾ?" ಎಂದು ನರ್ಸ್ ಕೇಳಿದಾಗ ದಂತವೈದ್ಯೆ ಕೈ ತೊಳೆಯುತ್ತಿದ್ದಳು. ತಿರುಗಿ ನೋಡಿದವಳು ಒದ್ದೆ ಕೈಯಲ್ಲೇ ಸೀಸೆಯನ್ನು ಕಿತ್ತುಕೊಂಡಳು.

ಬೆಳಿಗ್ಗೆ ತಾನೇ ಸ್ವಂತ ಅತ್ತೆಯ ಮುಂದಿನ ಹಲ್ಲಿಗೆ ಪಿಂಗಾಣಿಯ ಕ್ಯಾಪ್ ಕೂರಿಸಿ ಮನೆಗೆ ಕಳಿಸಿದ್ದಳು. ಕ್ಯಾಪಿನ ಒಳಮೈಗೆ ಮೊದಲು ಆಸಿಡ್ ಹಚ್ಚಿ ತರಿತರಿ ಮಾಡಬೇಕು, ತೊಳೆದು ಒಣಗಿಸಬೇಕು, ಆಮೇಲೆ ಈ ಸೀಸೆಯ ದ್ರವ ಸವರಬೇಕು. ಪಿಂಗಾಣಿಗೂ ಅಂಟಿಗೂ ನಂಟು ಬೆಸೆಯುವುದೇ ಅದು. ಅದಿಲ್ಲದೆಯೂ ಅಂಟು ಹಿಡಿದಂತೆಯೇ ಕಾಣುತ್ತದೆ. ಎಷ್ಟು ದಿನ ಎಂದು ದೇವರೇ ಹೇಳಬೇಕು. ನೀರಿನಂಥ ದ್ರವ, ಒಣಗಿದ ಮೇಲೆ ಹಚ್ಚಿದ್ದೂ ಗೊತ್ತಾಗುವುದಿಲ್ಲ, ಬಿಟ್ಟದ್ದೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಸೀಸೆಯತ್ತ ಕೈ ಚಾಚುವ ಹೊತ್ತಿಗೆ ಸರಿಯಾಗಿ ಅತ್ತೆ ಅವಳ ಮುಂಗೈಯನ್ನು ಗಪ್ಪನೆ ಹಿಡಿದುಕೊಂಡಿದ್ದರು. "ಬೇಡ ಕಣೇ, ಜೀವ ಬಾಯಿಗೆ ಬಂದಿದೆ. ಮನೆಗೆ ಹೋಗೋಣ." ಆ ಕೈ ಸವರುತ್ತಾ, "ಮಗನನ್ನೇ ನನ್ನ ಕೈಗೆ ಕೊಟ್ಟಿದ್ದೀರಿ, ಒಂದು ಹಲ್ಲು ಕೊಡೋಕೆ ಇಷ್ಟು ಹಿಂದೆಮುಂದೆ ನೋಡ್ತೀರಲ್ಲ ಅತ್ತೆ!" ಎಂದು ನಗಿಸಿದ್ದಳು. ಅವರು ಕೈ ಬಿಟ್ಟಿದ್ದೇ ತಡ, ಸೀದಾ ಅಂಟನ್ನೇ ಎತ್ತಿಕೊಂಡಿದ್ದಳು. ಹಾಳು ಮರೆವು!

ಕ್ಯಾಪ್ ನಿದ್ದೆಯಲ್ಲಿ ಕಳಚಿ ಶ್ವಾಸನಾಳಕ್ಕೆ ಜಾರಿದರೆ? ಅಂಗಾತ ಮಲಗಿ, ಬಾಯಿ ತೆರೆದು ಗೊರಕೆ ಹೊಡೆಯುವ ಅಭ್ಯಾಸ ಬೇರೆ ಅವರದು. ಊಟವಾದ ಮೇಲೆ ಒಂದು ನಿದ್ದೆ ತೆಗೆಯದೆ ಬಿಡುವವರೂ ಅಲ್ಲ. ಫೋನ್ ಮಾಡಿದಳು. ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಮಾಡಿದಳು, ಎತ್ತಲಿಲ್ಲ. ಹೊರಗೆ ಓಡುವಾಗ ಸ್ಕೂಟರಿನ ಕೀಲಿ ಎರಡು ಸಲ ಕೆಳಗೆ ಬಿತ್ತು.

ಹೇಳದಿದ್ದರೆ ಮನೆಯಲ್ಲಿ ಯಾರಿಗೂ ತಿಳಿಯದು ಎಂಬ ಯೋಚನೆಯೂ ಸಿಗ್ನಲ್ಲಿನಲ್ಲಿ ನಿಂತಾಗ ಬಂತು. ಥೂ, ಎಂದು ತನ್ನನ್ನೇ ಬೈದುಕೊಂಡಳು. ಆದರೂ ಹಸಿರು ದೀಪ ಬರುವ ತನಕ ಅದು ತಲೆಯಿಂದ ಹೋಗಲಿಲ್ಲ.

ಅತ್ತೆ ಫೋನನ್ನು ಒಳಗೆಲ್ಲೋ ಬಿಟ್ಟು, ಹಜಾರದ ಕನ್ನಡಿಯ ಮುಂದೆ ಸೇಬು ಹಿಡಿದು ನಿಂತಿದ್ದರು. ಹಲ್ಲು ಮುರಿದಂದಿನಿಂದ ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವರು ಈಗ ಬಾಯ್ತುಂಬ ನಕ್ಕರು. "ಬಂದ್ಯಾ? ನೋಡೇ, ಕಚ್ಚಿ ತೋರಿಸ್ತೀನಿ!"

"ಬೇಡ ಅತ್ತೆ!" ಸೊಸೆ ಕಿರುಚಿದ ರಭಸಕ್ಕೆ ಸೇಬು ಕೈಜಾರಿ ಸೋಫಾದಡಿಗೆ ಉರುಳಿತು.

ಹತ್ತಿರ ಬಂದು ಹೇಳಿದಳು. "ತಪ್ಪು ನಂದೇ. ಮಾಡಬೇಕಾಗಿದ್ದ ಒಂದು ಕೆಲಸ ಮರೆತೆ. ಆ ಕ್ಯಾಪ್ ನಿಲ್ಲಲ್ಲ, ಯಾವಾಗ ಬೇಕಾದ್ರೂ ಕಳಚಬಹುದು. ಕೊರೆದು ತೆಗೆದು ಹೊಸದು ಕೂರಿಸ್ಬೇಕು." ಯಾಕೆ ಮರೆತೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಅತ್ತೆಯ ಕೈ ತಾನಾಗಿ ಬಾಯಿಗೆ ಅಡ್ಡ ಬಂತು.

"ಆ ಗುರ್ ಅನ್ನೋ ಮಿಷನ್ನಾ?" ಎಂದರು ಬೆರಳ ಸಂದಿಯಿಂದ.

"ಹೂಂ. ನನ್ನ ಮೇಲೆ ನಂಬಿಕೆ ಹೋಗಿದ್ರೆ ಬೇರೆ ಡಾಕ್ಟರ ಹತ್ರ..."

"ಸುಮ್ನಿರೇ ಸಾಕು." ಅವಳ ಮುಂಗೈಯನ್ನೇ ಸ್ವಲ್ಪ ಹೊತ್ತು ನೋಡಿದರು. ಬೆಳಗಿನ ಹಿಡಿತದಲ್ಲಿ ನೆಟ್ಟ ಉಗುರಿನ ಕೆಂಪು ಇನ್ನೂ ಮಾಸಿರಲಿಲ್ಲ. "ನಡಿ, ಈಗಲೇ ಹೋಗೋಣ. ನಾಳೆ ಅಂದ್ರೆ ನನಗೆ ಧೈರ್ಯ ಬರಲ್ಲ."

ಕ್ಲಿನಿಕ್ಕಿನ ಕುರ್ಚಿ ಹಿಂದಕ್ಕೆ ಬಾಗಿತು. ಅವಳು ಮಿಷನ್ ಕೈಗೆತ್ತಿಕೊಂಡಳು. ಅದರ ಸದ್ದು ಏಳುತ್ತಲೇ ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿದರು. ಎರಡೂ ಅಂಗೈಗಳನ್ನು ತೊಡೆಯಡಿಗೆ ತೂರಿಸಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಬಿಟ್ಟು, ಬಾಯಿ ತೆರೆದರು.