ಅಪ್ಪನ ಗುಪ್ಪೆ

ಚಮರಿಯ ಕೊರಳ ಗಂಟೆ ನಿಂತಿತೇ, ಇಲ್ಲ ಮಂಜೇ ಅದರ ಬಾಯಿಗೆ ಅರಳೆ ತುರುಕಿತೇ, ನಿಗಾರಾಳಿಗೆ ತಿಳಿಯಲಿಲ್ಲ, ಈಗಷ್ಟೇ ಮುಂದೆ ಕಿಣಿ ಕಿಣಿ ಎನ್ನುತ್ತಿತ್ತು, ಈಗ ಕರಿ ಚಮರಿ ನಿಂತಿದೆ, ಮುಂಗಾಲೊಂದನ್ನು ಎತ್ತಿ ಹಿಡಿದು ನಿಂತಿದೆ, ಗೊರಸಿನ ಕೂದಲಿನಿಂದ ಹಿಮದ ಹರಳು ಒಂದೊಂದೇ ಉದುರುತ್ತಿದೆ, ಕೆಳಗೆ ಬಿಳುಪು, ಮೇಲೆ ಬಿಳುಪು, ನೆರಳೆಂಬುದೇ ಇಲ್ಲದ ಬೆಳಕು — ಬಿಸಿಲಿದ್ದಿದ್ದರೆ ಹಿಮದ ಮೇಲೆ ತುಸು ಕುಸಿದ ಗೆರೆ ಕಾಣುತ್ತಿತ್ತು, ಹಾಸಿಗೆಯಿಂದ ಯಾರೋ ಈಗ ತಾನೇ ಎದ್ದುಹೋದ ಹಾಗೆ, ಆ ಗೆರೆಯ ಅಡಿಯಲ್ಲೇ ಬಿರುಕು ಬಾಯಿ ತೆರೆದು ಮಲಗಿರುತ್ತೆ ಮಗಳೇ, ಅಪ್ಪ ಕೋಲಿನಲ್ಲಿ ತೋರಿಸುತ್ತಿದ್ದ, ದಾರಿ ಬಲ್ಲವನೇ ಕೈ ಹಿಡಿ, ದಾರಿ ಬಲ್ಲವನೇ, ಆಮೇಲೇನು, ಅವ್ವ ಬೆಳಗಿನ ಪ್ರಾರ್ಥನೆಗೆ ಹೇಳುತ್ತಿದ್ದ ಪದ, ತೊಟ್ಟಿಲಲ್ಲಿ ಕೇಳಿದ್ದು, ಇವತ್ತು ಅರ್ಧಕ್ಕೇ ಕಡಿದುಹೋಗುತ್ತಿದೆ. ಅತ್ತೆ, ಯಾಕೆ ನಿಂತ್ರಿ? ಹಿಂದಿನಿಂದ ಸೊಸೆ ಹಾಜಿರಾ, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ, ಅವಳ ಬೆನ್ನಿಗೆ ಕಟ್ಟಿದ ಕೂಸು, ತಾನು ಜಾರಿದರೆ ಹಗ್ಗ ಮೂವರನ್ನೂ ಎಳೆದುಕೊಂಡು ಹೋಗುತ್ತದೆ. ನಿಂತಿದ್ದು ನಾನಲ್ಲ ಕಣೇ, ಈ ಮಹಾರಾಣಿ. ಹಾಗಾದ್ರೆ ಮಹಾರಾಣಿಗೆ ಒಂದು ಬಟ್ಟಲು ಉಪ್ಪು ಚಹಾ ಕೊಡಿ, ಹೊತ್ತೇರಿದ್ರೆ ಹಿಮ ಗಂಜಿಯಾಗುತ್ತೆ. ನಗುತ್ತಾಳೆ, ಒಣ ನಗೆ, ಹೆದರಿದ್ದಾಳೆ. ಹೆದರುವುದೇಕೆ, ಬಲಗೈಗೆ ಎಟಕುವಷ್ಟರಲ್ಲೇ ಕಲ್ಲುಗುಪ್ಪೆ ಇದೆಯಲ್ಲ, ಅಪ್ಪ ಕಟ್ಟಿದ ಗುಪ್ಪೆ, ನೆತ್ತಿಯ ಮೇಲೆ ಅವನೇ ಇಟ್ಟ ಬಿಳಿಗಲ್ಲು, ಬೇಸಿಗೆಯ ಹುಲ್ಲುಗಾವಲಿಗೆ ದಾಟುವ ಹೆಂಗಸರೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತಾವೂ ಒಂದು ಕಲ್ಲಿಟ್ಟು, ನೇರ ಮುಂದೆ ನಡೆಯುತ್ತಾರೆ, ಗುಪ್ಪೆಯ ಮುಂದೆ ಹಿಮ ಗಟ್ಟಿ, ಅದು ಸತ್ತವರ ಮಾತು, ಅದಕ್ಕೆ ಎದುರಾಡುವ ರೂಢಿ ಊರಿನಲ್ಲಿಲ್ಲ. ಗುಪ್ಪೆ ಹೋಗು ಎನ್ನುತ್ತಿದೆ, ಚಮರಿ ಒಲ್ಲೆ ಎನ್ನುತ್ತಿದೆ, ಕಾಲ ಬುಡಕ್ಕೆ ಕೋಲು ಚುಚ್ಚಿದರೆ ಧಪ್ ಎಂದಿತೋ ಡೊಬ್ ಎಂದಿತೋ, ಗಟ್ಟಿಯೋ ಟೊಳ್ಳೋ, ಕಿವಿಯಲ್ಲಿ ಬರೀ ತನ್ನ ನೆತ್ತರಿನ ಸದ್ದು.

ಮುದಿ ದನದ ಹಟ ಇರಬೇಕು, ಒಂದೇಟು ಬಿದ್ದರೆ ನಡೆಯುತ್ತದೆ, ಕೋಲೆತ್ತಿದಳು — ಎತ್ತಿದ ಕೋಲು, ಎತ್ತಿದ ಗೊರಸು, ಇದನ್ನು ಎಲ್ಲಿ ಕಂಡಿದ್ದೆ, ಆಗ ತಾನಿನ್ನೂ ಹುಡುಗಿ, ಬೆರಳೂ ಮುಚ್ಚುವಷ್ಟು ಉದ್ದದ ತೋಳಿನ ಅಂಗಿ, ತುಹ್ಫತ್ ಚಿಕ್ಕಪ್ಪ, ಅವನ ಚಮರಿಯೂ ಹೀಗೇ ಕಾಲೆತ್ತಿ ನಿಂತಿತ್ತು, ದನ ಹೇಳಿದ ಹಾಗೆ ಕೇಳೋಕೆ ನಾನೇನು ಅದರ ಕರುವಾ? ಎಂದು ನಗುತ್ತ ಅದನ್ನು ದಾಟಿ ಕಾಲಿಟ್ಟ, ನಗು ಇತ್ತು, ಚಿಕ್ಕಪ್ಪ ಇರಲಿಲ್ಲ, ಮರುವರ್ಷ ಅಪ್ಪ ಗಟ್ಟಿ ಜಾಗ ಹುಡುಕಿ ಈ ಗುಪ್ಪೆ ಕಟ್ಟಿದ, ಇನ್ನು ನಮ್ಮ ಹೆಂಗಸರು ದನವನ್ನೂ ಕೇಳಬೇಕಿಲ್ಲ ಎಂದ, ಹಾಗಾದರೆ ಅಪ್ಪನ ಕಲ್ಲು ಸುಳ್ಳು ಹೇಳುತ್ತದೆಯೇ, ತೋಬಾ, ಎಂಥ ಮಾತು, ದಾರಿ ಬಲ್ಲವನೇ ಕೈ ಹಿಡಿ. ಅತ್ತೆ, ನೀರು ಎಲ್ಲಿ ಹೋಯ್ತು? ಯಾವ ನೀರೇ? ನಾನು ಮದುವಣಗಿತ್ತಿಯಾಗಿ ಬಂದಾಗ ಗುಪ್ಪೆ ಹತ್ರ ನಿಂತ್ರೆ ಆಚೆ ಬಂಡೆಯ ಜಲಪಾತ ನೇರ ಮೂಗಿನ ಮುಂದೆ ಸದ್ದು ಮಾಡ್ತಿತ್ತು, ಈಗ ಎಡಗಡೆ ಕೇಳ್ತಿದೆ. ಹೌದು, ಎಡಗಡೆ, ಎಡಭುಜದ ಹಿಂದೆ, ಮಂಜು ಸದ್ದನ್ನೂ ಸರಿಸುತ್ತದೆಯೇ, ಇಲ್ಲ ತಾವೇ ತಿರುಗಿ ನಿಂತಿದ್ದೇವೆಯೇ, ತಾನು ಎರಡು ಬೇಸಿಗೆ ಕಾಯಿಲೆ ಬಿದ್ದು ಬಂದಿರಲಿಲ್ಲ, ಅದಕ್ಕೂ ಮುಂಚೆ ಕಣ್ಣುಮುಚ್ಚಿ ಮುಟ್ಟಿ ಮುಂದೆ ಹೋದವಳು, ಜಲಪಾತ ಬೀಳುವುದು ಬಂಡೆಯಿಂದ, ಬಂಡೆ ನಡೆಯುವುದಿಲ್ಲ, ನಡೆಯುವುದು — ಮೇಲೆ ಬಿರುಕಿಗೆ ಬಿದ್ದ ಅವ್ವನ ತಾಮ್ರದ ಪಾತ್ರೆ ಎಷ್ಟೋ ವರ್ಷದ ಮೇಲೆ ಕೆಳಗೆ ಹಿಮ ಕರಗಿ ಮುಗಿಯುವ ಕಡೆ ಸಿಕ್ಕಿತ್ತಲ್ಲ, ಈ ಹಿಮವೂ ನದಿ ಕಣೇ, ನಿಧಾನದ ನದಿ, ಅಪ್ಪನೇ ಅಂದಿದ್ದ, ಅಪ್ಪನೇ ಅಂದು ಅಪ್ಪನೇ ಅದರ ಬೆನ್ನ ಮೇಲೆ ಗುಪ್ಪೆ ಕಟ್ಟಿದನೇ, ನದಿ ನಡೆದರೆ ಬೆನ್ನ ಮೇಲಿನ ಕಲ್ಲು ನಿಂತೀತೇ, ನಾವೆಲ್ಲ ಕಲ್ಲಿಟ್ಟು ಕಲ್ಲಿಟ್ಟು ಎತ್ತರ ಮಾಡಿದ್ದು ಏನನ್ನು. ಕೈ ತಾನಾಗಿಯೇ ಹೋಯಿತು, ಬಿಳಿಗಲ್ಲನ್ನು ನೆತ್ತಿಯಿಂದ ಕಿತ್ತಿತು, ತಣ್ಣಗೆ, ಭಾರ, ಅಪ್ಪನ ಅಂಗೈಯಷ್ಟು. ಅತ್ತೆ! ಆ ಕಲ್ಲಾ? ಹಗ್ಗ ಬಿಗಿ ಹಿಡಿ, ಕೂತ್ಕೋ, ಹಿಮ್ಮಡಿ ಊರು. ಅಪ್ಪಾ, ಎಂದಳೋ, ದಾರಿ ಬಲ್ಲವನೇ, ಎಂದಳೋ, ಚಮರಿಯ ಮೂತಿಯಾಚೆ ಬೀಸಿ ಎಸೆದಳು, ಬಿಳುಪಿನಲ್ಲಿ ಬಿಳುಪು ಬಿತ್ತು, ಬಿದ್ದಲ್ಲಿ ಕಲ್ಲಿಲ್ಲ, ಕಲ್ಲಿನಷ್ಟೇ ಒಂದು ತೂತು, ತೂತಿನೊಳಗೆ ನೀಲಿ, ಅಂಚು ಕುಸಿದು ಅಗಲವಾಗುವ ನೀಲಿ, ಸದ್ದು ಈಗ ಬರುತ್ತದೆ, ಈಗ, ತಳ ಮುಟ್ಟಿದ ಸದ್ದು ಬರಲಿಲ್ಲ, ಹಿಂದೆ ಕೂಸು ಎದ್ದು ಅಳುತ್ತಿದೆ, ಹಗ್ಗ ಬಿಗಿದಿದೆ, ಎಡಕ್ಕೆ ಹೋಗಬೇಕು, ನೀರಿನ ಕಡೆಗೆ, ಆದರೆ ಎಡಕ್ಕೆ ಎಷ್ಟು, ಯಾರನ್ನು ಕೇಳುವುದು, ನೀಲಿಯ ಅಂಚಿನಲ್ಲಿ ಆ ಎತ್ತಿದ ಗೊರಸು, ಹಿಮ ಉದುರಿ ಮುಗಿದ ಕರಿ ಗೊರಸು, ಇನ್ನೂ ಕೆಳಗಿಡದ ಗೊರಸು