ಮರಿಯಮ್ ಬೀಯ ಹೂಂ

ಹೊಂಗಡಹಳ್ಳದ ಹತ್ತಿರದ ಆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸಲು ಶುರುಮಾಡಿದ ದಿನವೇ ದೇವೀರಮ್ಮ ಹೇಳುವ ಕಥೆಯೂ ಶುರುವಾಗಬೇಕು. ಕೊನೆಯ ಗಿಡ ಬರಿದಾದ ದಿನ ಕಥೆಯೂ ಮುಗಿಯಬೇಕು. ಆಳುಗಳೆಲ್ಲ ಊರೂರಿಗೆ ಚೆದುರಿಹೋಗುವವರು; ಅರ್ಧ ಕಥೆ ಹೊತ್ತುಕೊಂಡು ಹೋಗಬಾರದು ಅನ್ನುವುದು ಅವರಿರುವ ಲೈನ್ ಮನೆಗಳ ಕಟ್ಟಳೆ. ದಿನಕ್ಕೊಂದು ತುಣುಕು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ. ಪ್ರತಿ ಚಳಿಗಾಲಕ್ಕೂ ಹೊಸ ಕಥೆ. ಮುಂಜಾನೆಯ ಇಬ್ಬನಿಯಲ್ಲಿ ಬೆರಳು ಮರಗಟ್ಟಿದರೂ ಹಣ್ಣು ಕೀಳುತ್ತಲೇ ಅವಳು ಅವತ್ತಿನ ತುಣುಕು ಹೆಣೆಯುತ್ತಿದ್ದಳು.

ಹೂಂಗುಟ್ಟುವವಳು ಮರಿಯಮ್ ಬೀ, ಲಾರಿ ಡ್ರೈವರ್ ಹಬೀಬನ ಹೆಂಡತಿ. ಒಂಬತ್ತು ಚಳಿಗಾಲ ಅವಳದೇ ಹೂಂ. ಉದ್ದಕ್ಕೆ ಎಳೆದರೆ ಇನ್ನಷ್ಟು ಹೇಳು ಅಂತ, ಚಿಕ್ಕದಾಗಿ ಕಡಿದರೆ ಸುಳ್ಳು ಹೇಳಬೇಡ ಅಂತ. ಆ ಹೂಂ ಹಿಡಿದೇ ದೇವೀರಮ್ಮ ಕಥೆಯ ದಾರಿ ತಿರುಗಿಸುತ್ತಿದ್ದಳು.

ಐವತ್ತೆಂಟನೇ ಇಸವಿಯ ಆ ಚಳಿಗಾಲ, ಕಳೆದುಹೋದ ಅಕ್ಕನನ್ನು ಹುಡುಕಿ ಹೊರಟ ಕಥೆಯ ಹುಡುಗಿ ಹೊಳೆ ದಡಕ್ಕೆ ಬಂದಳು. ಅವತ್ತೇ ಸಂಜೆ ಮರಿಯಮ್ ಬೀ ಮಗಳು ನಸೀರಾಳ ಬಾಣಂತನಕ್ಕೆಂದು ಆಲೂರಿಗೆ ಹೊರಟಳು.

"ನಾ ಬರಗಂಟ ಹೊಳೆ ದಾಟಿಸ್ಬ್ಯಾಡ ಕಣೇ."

"ದಾಟ್ಸಲ್ಲ, ಹೋಗ್ ಬಾ," ಅಂದಿದ್ದಳು ದೇವೀರಮ್ಮ.

ಹುಡುಗಿ ಕೂತಳು. ಒಂದು ದಿನ ದೋಣಿ ಸೋರಿತು. ಮರುದಿನ ಅಂಬಿಗನಿಗೆ ಜ್ವರ. ಜ್ವರ ಬಿಟ್ಟಿತು ಅನ್ನುವಷ್ಟರಲ್ಲಿ ಅವನ ಮದುವೆ.

"ಇನ್ನೆಷ್ಟ್ ದಿನ ಕೂರುಸ್ತೀಯೇ ಆ ಹೆಣ್ಣ? ಬೇರು ಬುಟ್ಕಂಡಾಳು!" ಅಂದಳು ಮೀನಾಕ್ಷಮ್ಮ, ಆಳುಗಳಲ್ಲೆಲ್ಲ ಬಾಯಿ ಜೋರಿನವಳು.

"ಹೊಳೆ ತುಂಬೈತೆ ಕಣೇ."

"ಮಳೆಯಿಲ್ದೆ ತುಂಬೈತಾ? ಯಾವ ಸೀಮೆ ಹೊಳೆನೇ ಅದು!"

ಎಲ್ಲರೂ ನಕ್ಕರು. ಆ ನಗುವಿನ ನಡುವೆ ದೇವೀರಮ್ಮನ ಕಿವಿ ಮಾತ್ರ ಕಡಿದ ಆ ಚಿಕ್ಕ ಹೂಂಗಾಗಿ ಕಾಯಿತು.

ಸಂಕ್ರಾಂತಿ ಕಳೆಯಿತು. ಲಾರಿ ಸದ್ದಾದಾಗಲೆಲ್ಲ ಅವಳ ಕಣ್ಣು ರಸ್ತೆಗೆ. ಹಬೀಬ ಒಬ್ಬನೇ ಇಳಿಯುತ್ತಿದ್ದ. "ಕೂಸಿಗೆ ಮೈ ನೆಟ್ಟಗಿಲ್ಲ ಕಣಕ್ಕಾ, ಮುಂದಿನ ವಾರ ಬತ್ತಾಳೆ," ಅನ್ನುತ್ತಿದ್ದ.

ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಸವಯ್ಯ ಹೇಳಿಯೇಬಿಟ್ಟ: "ಶನಿವಾರಕ್ಕೆ ಹಣ್ಣು ಖಾಲಿ. ಕತೆ ಮುಗ್ಸು ತಾಯಿ, ಇಲ್ಲಾಂದ್ರೆ ಇವ್ರು ನನ್ನ ತಲೆ ತಿಂತಾರೆ."

ಶನಿವಾರ ಮಧ್ಯಾಹ್ನ ಹುಡುಗಿಯನ್ನು ದಾಟಿಸಿದಳು. ಆಚೆ ದಡದಲ್ಲಿ ಅಕ್ಕ ಕೈಚಾಚಿ ನಿಂತಿದ್ದಳು. ಮೀನಾಕ್ಷಮ್ಮ, ಪಾಪ, ಭತ್ತ ಕುಟ್ಟಿದ ಹಾಗೆ ಒಂದೇ ಸಮ ಹೂಂ ಹೂಂ ಅನ್ನುತ್ತಿದ್ದಳು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಚೆನ್ನಾಗಿತ್ತು ಅಂದರು, ಗಂಟು ಕಟ್ಟಲು ಎದ್ದರು. ದೇವೀರಮ್ಮನಿಗೆ ಮಾತ್ರ ಅಲ್ಲಿ ಅಪ್ಪಿಕೊಂಡ ಅಕ್ಕತಂಗಿ ಇಬ್ಬರೂ ಯಾರೋ ಅನ್ನಿಸಿತು.

ಹಬೀಬ ಕೊನೆಯ ಮೂಟೆ ಹೇರಿಸಿ ಹತ್ತಿರ ಬಂದ.

"ಅಕ್ಕಾ, ನಾಳೆ ಆಲೂರಿಗೆ ಹೋಯ್ತೀನಿ. ಹೋದಾಗ್ಲೆಲ್ಲ ಮನೆಯವ್ಳು ಕೇಳೋದು ಒಂದೇ, ಆ ಹುಡ್ಗಿ ದಾಟುದ್ಲಾ ಅಂತ. ಏನ್ ಹೇಳ್ಲಿ?"

ದೇವೀರಮ್ಮ ಬರಿಗಿಡಗಳ ಕಡೆ ನೋಡಿದಳು.

"ಇಲ್ಲ ಅನ್ನು. ದಡದಲ್ಲೇ ಕುಂತವ್ಳೆ ಅನ್ನು."

"ಈಗ ತಾನೆ ದಾಟುದ್ಲಲ್ಲ, ನಾನೂ ಕೇಳುಸ್ಕಂಡೆ!"

"ಅದು ಇವ್ರಿಗೆ ದಾಟಿದ್ದು ಕಣೋ ಮಾರಾಯ. ನಿನ್ನ ಹೆಂಡ್ತಿಗೆ ಇನ್ನೂ ದಾಟಿಲ್ಲ."

ಹಬೀಬ ತಲೆ ಕೆರೆದುಕೊಂಡ. "ಹೂಂ..." ಅಂದ, ಉದ್ದಕ್ಕೆ ಎಳೆದು.

ದೇವೀರಮ್ಮ ತಟ್ಟನೆ ತಿರುಗಿ ನೋಡಿದಳು.