ಪ್ರಾಸದಕ್ಕನ ಎಂಬಿಎ

ಆ ಜಾಹೀರಾತು ಕಚೇರಿಯಲ್ಲಿ ಎಲ್ಲರೂ ಅವಳನ್ನು ಪ್ರಾಸದಕ್ಕ ಎಂದೇ ಕರೆಯುತ್ತಿದ್ದರು. ಹದಿಮೂರು ವರ್ಷ ಸೋಪಿಗೆ, ಬೀಗಕ್ಕೆ, ಹಾಸಿಗೆಗೆ, ಮಂಡಿನೋವಿನ ಮುಲಾಮಿಗೆ ಸಾಲು ಬರೆದು ಬರೆದು ಬಂದ ಹೆಸರು ಅದು. ಅವಳ ಅಪ್ಪ ದಿನಾ ಸಂಜೆ ದೀಪದ ಮುಂದೆ ಕೂತು ಗಟ್ಟಿಯಾಗಿ ಪದ್ಯ ಓದುತ್ತಿದ್ದವರು. ಅರ್ಥ ತಿಳಿಯುವ ಮೊದಲೇ ಆ ಪದ್ಯಗಳ ನಡಿಗೆ ಅವಳ ಕಿವಿಗೆ ಹತ್ತಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರೆಳೆದುಕೊಳ್ಳಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂಥವಳು ಮೂವತ್ತೇಳನೆಯ ವಯಸ್ಸಿನಲ್ಲಿ, ಕಚೇರಿಯಲ್ಲಿ ಯಾರಿಗೂ ಸುಳಿವು ಕೊಡದೆ ಎಂಬಿಎಗೆ ಅರ್ಜಿ ಹಾಕಿದ್ದಳು. ಸೀಟೂ ಸಿಕ್ಕಿತ್ತು. ಸೇರುವುದಾದರೆ ಜೊತೆಗಿರುವ ಕಾಗದಕ್ಕೆ ಸಹಿ ಹಾಕಿ ಶುಕ್ರವಾರ ಸಂಜೆಯೊಳಗೆ ಕಳಿಸಿ ಎಂದು ಕಾಲೇಜಿನವರು ಬರೆದಿದ್ದರು. ಸೇರಿದರೆ ಎರಡು ವರ್ಷ ಹಗಲಿಡೀ ಪಾಠ, ಕೆಲಸ ಬಿಡಬೇಕು. ಬಿಟ್ಟ ಕುರ್ಚಿ ಮತ್ತೆ ಸಿಗುತ್ತದೆಂಬ ಭರವಸೆ ಇಲ್ಲ.

ಅರ್ಜಿ ಹಾಕಲು ಕಾರಣ ಸಭೆಗಳು. ಕೆಲವು ವರ್ಷಗಳಿಂದ ಗಿರಾಕಿ ಕಂಪನಿಗಳ ಜನ ಮಾರುಕಟ್ಟೆ, ಶೇಕಡಾ, ಲಾಭನಷ್ಟ ಎಂದು ಬೇರೆಯೇ ಮಾತು ಆಡತೊಡಗಿದ್ದರು. ಅದಕ್ಕೆ ಉತ್ತರ ಕೊಡಲೆಂದು ಎಂಬಿಎ ಓದಿದ ಒಬ್ಬ ತರುಣನನ್ನು ಕಚೇರಿಯ ಯಜಮಾನರು ಕೆಲಸಕ್ಕೆ ತೆಗೆದುಕೊಂಡಿದ್ದರು. ಮಾತಿಗೊಂದು ಚಾರ್ಟ್ ತೋರಿಸುತ್ತಿದ್ದ ಅವನಿಗೆ ಚಾರ್ಟ್ ಸಾಹೇಬ ಎಂದು ಹೆಸರಿಟ್ಟವಳು ಇವಳೇ. ಅವನ ಮಾತು ಗಂಟೆಗಟ್ಟಲೆ ನಡೆದ ಮೇಲೆ, ಊಟವಾದ ನಂತರ ಹಾಡಲು ಕರೆದಂತೆ, ಈಗ ನಿಮ್ಮ ಸಾಲು ಓದಿ ಮೇಡಂ ಎಂದು ಗಿರಾಕಿಗಳು ಹೇಳುತ್ತಿದ್ದರು. ಅವಳು ಓದುತ್ತಿದ್ದಳು, ಅವರು ತಲೆದೂಗುತ್ತಿದ್ದರು. ತಲೆದೂಗಿದವರು ಯಾಕೆ ತಲೆದೂಗಿದರೆಂಬುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಗಂಡ, ನಿನ್ನಿಷ್ಟ ಎಂದ. ಅತ್ತೆ ಮಾತ್ರ ಸೊಸೆಯನ್ನೂ ಮೊಮ್ಮಗಳನ್ನೂ ಒಂದು ಸಲ ನೋಡಿ, "ಇಬ್ಬರೂ ಒಟ್ಟಿಗೆ ಹೋಮ್‌ವರ್ಕ್ ಮಾಡ್ಕೊಳ್ಳಿ, ಒಂದೇ ದೀಪ ಸಾಕಾಗುತ್ತೆ" ಎಂದರು.

ಹಾಗೋ ಹೀಗೋ ಎನ್ನುತ್ತಿರುವಾಗಲೇ, ಅದೇ ವಾರದ ಮಂಗಳವಾರ, ಲಾಂಡ್ರಿ ಅಮ್ಮ ಕಚೇರಿಗೆ ಬಂದರು.

ಊರಿನಲ್ಲಿ ಏಳು ಅಂಗಡಿಗಳಿದ್ದ ಒಂದು ಲಾಂಡ್ರಿಯ ಒಡತಿ ಆಕೆ. ಎರಡು ತಿಂಗಳ ಹಿಂದೆ ಅವರಿಗೆ ಪ್ರಾಸದಕ್ಕ ಬರೆದುಕೊಟ್ಟ ಸಾಲು: ಸಂಜೆ ಕೊಡಿ, ಬೆಳಿಗ್ಗೆ ತೊಡಿ. ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಸಾಲನ್ನು ಏಳು ಜನರಿಗೆ ಒಂದೊಂದೇ ಸಲ ಓದಿ ಹೇಳಬೇಕು. ಕಾವಲುಗಾರ, ಟೆಲಿಫೋನಿನವಳು, ಲಿಫ್ಟಿನವನು, ಯಾರಾದರೂ ಸರಿ. ಗಂಟೆ ಬಿಟ್ಟು ಕೇಳಿದಾಗ ಏಳು ಜನವೂ ಅಕ್ಷರ ತಪ್ಪದೆ ತಿರುಗಿ ಹೇಳಿದರೆ ಮಾತ್ರ ಅದು ಅಚ್ಚಿಗೆ ಹೋಗಬೇಕು. ಎಷ್ಟೋ ಸಾಲುಗಳು ಐದನೆಯವರಲ್ಲಿ ಮುಗ್ಗರಿಸುತ್ತಿದ್ದವು. ಇದು ಮೊದಲ ಸುತ್ತಿನಲ್ಲೇ ಏಳನ್ನೂ ದಾಟಿತ್ತು. ಚಾರ್ಟ್ ಸಾಹೇಬನೂ ಗಿರಾಕಿಗಳು ಒಂದೂವರೆ ಪಟ್ಟು ಆಗುತ್ತಾರೆಂದು ಬಣ್ಣದ ಗೆರೆ ಎಳೆದು ತೋರಿಸಿದ್ದ. ಬಸ್ ನಿಲ್ದಾಣಗಳ ಗೋಡೆಗಳಿಗೆಲ್ಲ ಆ ಸಾಲು ಅಂಟಿತು. ಗಿರಾಕಿಗಳು ಮೂರು ಪಟ್ಟಾದರು.

ಬಟ್ಟೆ ಮಾತ್ರ ಬೆಳಿಗ್ಗೆಗೆ ಬರಲಿಲ್ಲ. ಒಬ್ಬರು ಭಾವನ ದೊಗಳೆ ಕೋಟು ಹಾಕಿಕೊಂಡು ಸಂದರ್ಶನಕ್ಕೆ ಹೋದರಂತೆ. ಇನ್ನೊಬ್ಬರು ಅಂಗಡಿಯ ಬಾಗಿಲಲ್ಲೇ ಬನಿಯನ್ನಿನಲ್ಲಿ ಕೂತು, ತೊಡೋಕೆ ಕೊಡಿ ಎಂದು ಹಠ ಹಿಡಿದರಂತೆ. ಇದನ್ನೆಲ್ಲ ಲಾಂಡ್ರಿ ಅಮ್ಮ ಬೈಯದೆ, ದನಿ ಎತ್ತದೆ, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ," ಎಂದರು ಆಕೆ ಕೊನೆಗೆ. "ನಿಮ್ಮ ಮಾತಲ್ಲಿ ಏನೂ ಕೊರತೆ ಇರ್ಲಿಲ್ಲಮ್ಮ. ಅಷ್ಟು ಚೆನ್ನಾಗಿ ಆಡಬಾರದಾಗಿತ್ತು, ಅಷ್ಟೇ."

ಆಕೆ ಹೋದ ಮೇಲೆ ಪ್ರಾಸದಕ್ಕ ಆ ಏಳು ಜನರನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದಳು. ಅವರಲ್ಲಿ ಒಬ್ಬರೂ ಲಾಂಡ್ರಿಯವರಲ್ಲ. ಹದಿಮೂರು ವರ್ಷದಲ್ಲಿ ಯಾವ ಸಾಲನ್ನೂ ಅದನ್ನು ನಡೆಸಿಕೊಡಬೇಕಾದವರ ಮುಂದೆ ಓದಿದ್ದಿಲ್ಲ. ಇಷ್ಟು ದಡ್ಡತನಕ್ಕೆ ಎರಡು ವರ್ಷದ ಶಾಲೆಯೇ ಸರಿಯಾದ ಶಿಕ್ಷೆ ಎನ್ನಿಸಿ, ಆಗಲೇ ಕಾಲೇಜಿನ ಕಾಗದಕ್ಕೆ ಸಹಿ ಹಾಕಿಬಿಡೋಣವೆಂದುಕೊಂಡಳು. ಆದರೆ ಚಾರ್ಟ್ ಸಾಹೇಬನ ನೆನಪಾಯಿತು. ಆ ಶಾಲೆಯಲ್ಲಿ ಓದಿ ಬಂದವನೂ ಇದೇ ಹಳ್ಳಕ್ಕೆ ಬಿದ್ದಿದ್ದನಲ್ಲ. ಸಹಿ ಹಾಕಲಿಲ್ಲ.

ಬುಧವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ಲಾಂಡ್ರಿಯ ಕಾರ್ಖಾನೆಗೆ ಹೋದಳು. ಅವನು ಹೊಸ ಬೂಟು ಹಾಕಿಕೊಂಡು ಬಂದಿದ್ದ. ಒಳಗೆ ನೆಲವೆಲ್ಲ ಸೋಪಿನ ನೀರು. ಒಗೆಯುವ ಕಡೆ ಗದ್ದಲ, ಇಸ್ತ್ರಿಯವರ ಕಡೆ ಹಾಡು. ನಡುವಿನ ಒಣಗಿಸುವ ಕೋಣೆಯಲ್ಲಿ ಮೂರು ಯಂತ್ರ, ಅವುಗಳ ಮುಂದೆ ಎದೆಮಟ್ಟ ಒದ್ದೆ ಗಂಟುಗಳು. ಅವುಗಳ ನಡುವೆ ತಲೆಗೆ ವಸ್ತ್ರ ಸುತ್ತಿಕೊಂಡ ಒಬ್ಬ ಹಿರಿಯಾಕೆ ನಿಂತಿದ್ದರು. ಪ್ರಾಸದಕ್ಕ ಅವರಿಗೆ ತನ್ನ ಸಾಲು ಓದಿ ಹೇಳಿದಳು.

"ಗೊತ್ತು ಬಿಡು ತಾಯಿ, ನನ್ನ ಮೊಮ್ಮಗೂ ಅದನ್ನೇ ಹಾಡುತ್ತೆ," ಎಂದರು ಆಕೆ. "ಒಗೆಯೋಕೆ ಒಂದು ಗಂಟೆ, ಒಣಗೋಕೆ ಮೂರು. ನೀರಿಗಿರೋ ಅವಸರ ಗಾಳಿಗಿಲ್ಲ. ಇಷ್ಟು ಕೇಳೋಕೆ ಯಾರೂ ಬರಲಿಲ್ಲ ನೋಡು."

ಚಾರ್ಟ್ ಸಾಹೇಬ ಜೇಬಿನಿಂದ ಪೆನ್ನು ತೆಗೆದ. ಸೋಪಿನ ಖಾಲಿ ಡಬ್ಬದ ರಟ್ಟಿನ ಮೇಲೆ, ಹಿರಿಯಾಕೆಯನ್ನು ಕೇಳಿ ಕೇಳಿ ಬರೆದುಕೊಂಡ. ಮನೆಗೊಂದು ಗಂಟು, ಯಂತ್ರಕ್ಕೆ ಒಂದು ಸಲಕ್ಕೆ ಹತ್ತು ಗಂಟು, ಸಂಜೆ ಐದರಿಂದ ಬೆಳಿಗ್ಗೆ ಐದರವರೆಗೆ ನಾಲ್ಕು ಸಲ, ಯಂತ್ರ ಮೂರು. ರಾತ್ರಿಗೆ ನೂರಿಪ್ಪತ್ತು ಗಂಟಿನ ಮೇಲೆ ಒಂದೂ ಹೆಚ್ಚು ಹಿಡಿಯದು. ಈಗ ದಿನಕ್ಕೆ ಬರುತ್ತಿರುವುದು ಮುನ್ನೂರು. ಒಗೆಯಲು ಎಷ್ಟು ಜನ ಸೇರಿಸಿದರೂ, ಇಸ್ತ್ರಿಗೆ ಎಷ್ಟು ಜನ ಸೇರಿಸಿದರೂ ಉಪಯೋಗವಿಲ್ಲ, ಕಟ್ಟಿಕೊಂಡಿರುವುದು ಇಲ್ಲೇ. ಸಂಜೆ ನಾಲ್ಕು ಗಂಟೆಯೊಳಗೆ ಕೊಟ್ಟ ಮೊದಲ ನೂರಿಪ್ಪತ್ತು ಮನೆಯವರಿಗೆ ಮರುದಿನ, ಮಿಕ್ಕವರದನ್ನು ಹಗಲು ಯಂತ್ರದಲ್ಲೂ ಬಿಸಿಲಲ್ಲೂ ಒಣಗಿಸಿ ಮೂರನೆಯ ದಿನ ಕೊಡುತ್ತೇವೆ ಎಂದು ಹೇಳಿಬಿಟ್ಟರೆ ಯಾರಿಗೂ ಮಾತು ತಪ್ಪುವುದಿಲ್ಲ. ಇಷ್ಟಕ್ಕೆ ಅವನಿಗೆ ಹತ್ತು ನಿಮಿಷ ಸಾಕಾಯಿತು. ಅಷ್ಟರಲ್ಲಿ ಅಲ್ಲಿಗೆ ಬಂದ ಲಾಂಡ್ರಿ ಅಮ್ಮ ಆ ರಟ್ಟನ್ನು ಇಸಿದುಕೊಂಡು ಗೋಡೆಗೆ ಮೊಳೆ ಹೊಡೆಸಿದರು.

ಪ್ರಾಸದಕ್ಕನಿಗೆ ಹೊಟ್ಟೆಕಿಚ್ಚಾಯಿತು. ಒಬ್ಬಳೇ ಬಂದಿದ್ದರೆ ಆ ಗಂಟುಗಳನ್ನು ನೋಡಿ ನಿಟ್ಟುಸಿರು ಬಿಟ್ಟು, ಕ್ಷಮೆ ಕೇಳುವ ಒಂದು ಒಳ್ಳೆಯ ಸಾಲು ಬರೆದು ಬರುತ್ತಿದ್ದಳು.

"ಇದನ್ನ ಅಲ್ಲಿ ಕಲಿಸಿದ್ದಾ?" ಎಂದು ಬಸ್ಸಿನಲ್ಲಿ ಕೇಳಿದಳು.

"ಎರಡನೇ ಸೆಮಿಸ್ಟರ್‌ನಲ್ಲಿ ಅಕ್ಕ. ಪೂರ್ತಿ ಅಂಕ ಬಂದಿತ್ತು."

"ಮತ್ತೆ ಮೊದಲೇ ಯಾಕಪ್ಪ ಮಾಡಲಿಲ್ಲ?"

ಅವನು ಬಗ್ಗಿ ಒದ್ದೆ ಬೂಟಿನ ಸೋಪು ಒರೆಸಿಕೊಂಡ. "ಪರೀಕ್ಷೆಯಲ್ಲಿ ಯಂತ್ರ ಎಷ್ಟಿದೆ ಅಂತ ಪ್ರಶ್ನೆಯಲ್ಲೇ ಕೊಟ್ಟಿರ್ತಾರೆ ಅಕ್ಕ. ನಾವೇ ಹೋಗಿ ಎಣಿಸ್ಬೇಕು ಅಂತ ಹೊಳೀಲೇ ಇಲ್ಲ."

ಅವಳಿಗೆ ನಗು ಬಂತು, ಅವನೂ ನಕ್ಕ. ಆಮೇಲೆ ಅವನು, ಆ ಪದವಿ ತನಗೆ ಕುರ್ಚಿಯನ್ನಂತೂ ಕೊಟ್ಟಿದೆ, ಕಣ್ಣು ಕೊಟ್ಟಿದೆಯೋ ಇಲ್ಲವೋ ಇವತ್ತಿನವರೆಗೂ ಯೋಚಿಸಿರಲಿಲ್ಲ ಎಂದ. ನೀವು ಸೇರುವುದಾದರೆ ನನ್ನ ಪುಸ್ತಕಗಳೆಲ್ಲ ಹಾಗೇ ಇವೆ, ಹೆಚ್ಚಿನವುಗಳ ಹಾಳೆ ಕೂಡ ಮಡಿಸಿಲ್ಲ ಎಂದೂ ಸೇರಿಸಿದ. ತನ್ನ ಅರ್ಜಿಯ ವಿಷಯ ಇವನಿಗೆ ಹೇಗೆ ಗೊತ್ತಾಯಿತೆಂದು ಅವಳು ಕೇಳಲಿಲ್ಲ. ಆ ಕಚೇರಿಯಲ್ಲಿ ಗುಟ್ಟು ಉಳಿದರೆ ತಾನೇ.

ಶುಕ್ರವಾರ ಮಧ್ಯಾಹ್ನ ಯಜಮಾನರ ಕೋಣೆಗೆ ಹೋಗಿ ಕಾಲೇಜಿಗೆ ಸೇರುವ ವಿಷಯ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಲವತ್ತು ವರ್ಷ ಪದವಿಯಿಲ್ಲದೆ ಆ ಕಚೇರಿ ನಡೆಸಿದವರು.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ನಿನಗೆ ಮುಕ್ಕಾಲು ಇದೆಯಲ್ಲ ಮಗಳೇ."

"ಆ ಒಕ್ಕಾಲಿಗೇ ಹೋಗೋದು ಸರ್."

"ಅಲ್ಲಿ ಹೋದ್ರೆ ಕಿವಿ ಮೊಂಡಾಗುತ್ತೆ. ನಾಲ್ಕು ಜನ ಹೋದೋರನ್ನ ನೋಡಿದ್ದೀನಿ. ವಾಪಸ್ ಬಂದು ಒಂದು ಸಾಲೂ ಬರೀಲಿಲ್ಲ."

ಅದು ತನಗಿರುವ ಭಯವೂ ಹೌದೆಂದು ಅವಳು ಒಪ್ಪಿಕೊಂಡಳು. ಲಾಂಡ್ರಿಗೆ ಬರೆದ ಹೊಸ ಸಾಲನ್ನು ಅವರ ಮುಂದಿಟ್ಟಳು: ಬೇಗ ಕೊಟ್ಟವರಿಗೆ ನಾಳೆ, ಮಿಕ್ಕವರಿಗೆ ಮೂರನೆಯ ದಿನ. ಅವರು ತುಟಿಯಲ್ಲೇ ಎರಡು ಸಲ ಓದಿಕೊಂಡು, ಕುಂಟುತ್ತೆ ಎಂದರು. ಕುಂಟುತ್ತೆ ಸರ್, ಆದರೆ ಮನೆ ತಲುಪುತ್ತೆ ಎಂದು ಲಾಂಡ್ರಿ ಅಮ್ಮನೇ ಒಪ್ಪಿದ್ದಾರೆ ಎಂದಳು. ಕುಂಟದೆ ಮನೆ ತಲುಪುವ ಸಾಲು ಬರೆಯಬೇಕಾದರೆ ಏನು ತಿಳಿದಿರಬೇಕೋ ಅದು ತನಗೆ ತಿಳಿದಿಲ್ಲ. ಎಂಬಿಎ ಅದನ್ನು ಕೊಡುತ್ತದೋ ಇಲ್ಲವೋ ಹೋಗದೆ ಹೇಗೆ ಗೊತ್ತಾದೀತು ಎಂದೂ ಹೇಳಿದಳು.

ಯಜಮಾನರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಕುರ್ಚಿಯ ಮಾತು ಅವರು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

"ಶನಿವಾರ ಪಾಠ ಇರುತ್ತಾ?"

"ಇಲ್ಲ ಸರ್."

"ಹಾಗಾದ್ರೆ ಶನಿವಾರ ಇಲ್ಲಿಗೆ ಬಾ. ಆ ವಾರ ಏನು ಕಲಿಸಿದ್ರೋ ನನಗೂ ಹೇಳು. ಈ ವಯಸ್ಸಲ್ಲಿ ನಾನಂತೂ ಫೀಸು ಕಟ್ಟಲ್ಲ."

ಅವಳು ಆಗಲಿ ಎಂದಳು. ಹೊರಗೆ ಬಂದು, ಚಾರ್ಟ್ ಸಾಹೇಬನ ಮೇಜಿನ ಹತ್ತಿರ ನಿಂತು, ಅವನದೇ ಪೆನ್ನು ಇಸಿದುಕೊಂಡು ಕಾಲೇಜಿನ ಕಾಗದಕ್ಕೆ ಸಹಿ ಹಾಕಿದಳು.